ಮ್ಯಾಕಿನಾ ಐಲ್ಯಾಂಡ್ ಬೇಸಿಗೆ ಟ್ರಿಪ್: ಸೈಕಲ್ ರೋಡಿಗೆ ಫುಲ್ ಮಾರ್ಕ್ಸ್, ಮೇನ್ ಸ್ಟ್ರೀಟ್‌ಗೆ ಜಸ್ಟ್ ಪಾಸ್

ಡೆಟ್ರಾಯಿಟ್ ಕಡೆ ಇರೋ ನಮ್ಮ ಜನಕ್ಕೆ ಬೇಸಿಗೆ ಅಂದ್ರೆ ಊರಿಂದ ಅಪ್ಪ ಅಮ್ಮ ಬರೋ ಸೀಸನ್ನು, ಬಂದೋರನ್ನ ಎಲ್ಲಿಗೆ ಕರ್ಕೊಂಡು ಹೋಗೋದು ಅನ್ನೋದೇ ತಲೆನೋವು, ನಯಾಗರ ಆಯ್ತು, ಶಿಕಾಗೋ ಆಯ್ತು, ನೊವೈ ವೆಂಕಟೇಶ್ವರ ದೇವಸ್ಥಾನ ವಾರವಾರ ಆಗ್ತಾನೇ ಇರುತ್ತೆ, ಆಮೇಲೆ ಏನು? ಆಗ ಯಾರನ್ನ ಕೇಳಿದ್ರೂ ಬರೋ ಹೆಸರು ಮ್ಯಾಕಿನಾ ಐಲ್ಯಾಂಡ್. ಹೋಗ್ಬನ್ನಿ ಚೆನ್ನಾಗಿದೆ ಅಂತಾರೆ, ಏನ್ ಚೆನ್ನಾಗಿದೆ ಅಂದ್ರೆ ಕುದುರೆ ಗಾಡಿ ಇದೆ, ಫಡ್ಜ್ ಅನ್ನೋ ಸಿಹಿ ಚೆನ್ನಾಗಿರುತ್ತೆ, ಅಷ್ಟೇ, ಮುಂದಕ್ಕೆ ಒಂದು ಮಾತಿಲ್ಲ. ನನ್ನ ಪ್ರಕಾರ ಆ ಎರಡೂ ಅಲ್ಲಿನ ಬೆಸ್ಟ್ ಐಟಮ್ ಅಲ್ಲವೇ ಅಲ್ಲ. ಅಪ್ಪ, ಅಮ್ಮ, ಹೆಂಡ್ತಿ, ಆರು ವರ್ಷದ ಮಗಳು ಇಷ್ಟೂ ಜನರನ್ನ ಕಟ್ಕೊಂಡು ಜುಲೈನಲ್ಲಿ ಹೋಗಿ ಒಂದು ರಾತ್ರಿ ಇದ್ದು ಬಂದ್ವಿ, ಅದ್ರಲ್ಲಿ ಯಾವುದಕ್ಕೆ ದುಡ್ಡು ಹಾಕ್ಬೋದು ಯಾವುದಕ್ಕೆ ಬೇಡ ಅಂತ ಬರೀತಿದೀನಿ.

ದಾರಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಡೆಟ್ರಾಯಿಟ್‌ನಿಂದ ಐ-75 ಹೈವೇ ಹಿಡಿದ್ರೆ ಮೂಗಿನ ನೇರಕ್ಕೆ ಉತ್ತರಕ್ಕೆ ಸುಮಾರು 290 ಮೈಲಿ, ನಾಲ್ಕೂವರೆ ಗಂಟೆ, ವಯಸ್ಸಾದೋರು ಮಕ್ಕಳು ಇದ್ರೆ ನಿಲ್ಲಿಸ್ಕೊಂಡು ನಿಲ್ಲಿಸ್ಕೊಂಡು ಆರು ಗಂಟೆ ಅಂತ ಇಟ್ಕೊಳ್ಳಿ. ದ್ವೀಪ ಇರೋದು ಹ್ಯೂರನ್ ಸರೋವರದಲ್ಲಿ, ಮಿಶಿಗನ್ನಿನ ಕೆಳಗಿನ ಭಾಗ ಮೇಲಿನ ಭಾಗ ಎರಡೂ ಹತ್ತಿರ ಬರೋ ಜಲಸಂಧಿಯ ಬಾಯಲ್ಲಿ. ಫೆರಿ ಎರಡು ಕಡೆಯಿಂದ ಸಿಗುತ್ತೆ, ಈಚೆ ಮ್ಯಾಕಿನಾ ಸಿಟಿ, ಆಚೆ ಸೇಂಟ್ ಇಗ್ನೇಸ್. ನಾವು ದಕ್ಷಿಣದಿಂದ ಹೋಗೋರಿಗೆ ಮ್ಯಾಕಿನಾ ಸಿಟಿನೇ ಹತ್ತಿರ, ಆದ್ರೆ ಟೈಮಿದ್ರೆ ಬ್ರಿಡ್ಜ್ ದಾಟಿ ಸೇಂಟ್ ಇಗ್ನೇಸ್‌ಗೆ ಹೋಗಿ ಅಲ್ಲಿಂದ ಹತ್ತಿ, ಯಾಕಂದ್ರೆ 1957ರಲ್ಲಿ ಓಪನ್ ಆದ ಆ ಮ್ಯಾಕಿನಾ ಬ್ರಿಡ್ಜ್ ಐದು ಮೈಲಿ ಉದ್ದ ಇದೆ, ಕಾರಿಗೆ ನಾಲ್ಕು ಡಾಲರ್ ಟೋಲು, ಒಳಗಿನ ಲೇನಲ್ಲಿ ರೋಡಿನ ಬದಲು ಕಬ್ಬಿಣದ ಜಾಲರಿ ಇರುತ್ತೆ, ಟೈರು ಅದ್ರ ಮೇಲೆ ಹೋಗುವಾಗ ಗುಯ್ ಅಂತ ಒಂದು ಸದ್ದು ಬರುತ್ತೆ, ನಮ್ಮಮ್ಮ ಕಣ್ಣು ಮುಚ್ಕೊಂಡು ವಿಷ್ಣು ಸಹಸ್ರನಾಮ ಶುರು ಮಾಡಿಬಿಟ್ರು. ಎತ್ತರಕ್ಕೆ ಹೆದರೋರಿದ್ರೆ ಹೊರಗಿನ ಲೇನು ಹಿಡೀರಿ, ಅಲ್ಲಿ ಮಾಮೂಲಿ ರೋಡೇ ಇದೆ.

ಫೆರಿಲಿ ಇಪ್ಪತ್ತು ನಿಮಿಷದ ಆಸುಪಾಸು, ಕೆಲವು ಟ್ರಿಪ್ಪು ಬ್ರಿಡ್ಜ್ ಕೆಳಗೆ ಹೋಗಿ ತೋರಿಸ್ಕೊಂಡು ಹೋಗ್ತವೆ, ಅದು ಸಿಕ್ರೆ ಬಿಡ್ಬೇಡಿ. ಮೇಲಿನ ಓಪನ್ ಡೆಕ್ಕಲ್ಲಿ ಕೂತ್ರೆ ವ್ಯೂ ಸಕ್ಕತ್, ಆದ್ರೆ ಜುಲೈ ಅಂತ ಬರೀ ಟೀಶರ್ಟಲ್ಲಿ ಹೋದ್ರೆ ಹಲ್ಲು ಕಟಕಟ ಅನ್ನುತ್ತೆ, ಸ್ವೆಟರ್ ಸ್ಕಾರ್ಫ್ ಕೈಲೇ ಇರ್ಲಿ. ಪಾರ್ಕಿಂಗ್‌ನಲ್ಲಿ ಮಾತ್ರ ಸ್ವಲ್ಪ ಹುಷಾರು, ಡಾಕ್ ಪಕ್ಕದ ಜಾಗಕ್ಕೆ ಒಂದು ರೇಟು ದೂರದ್ದಕ್ಕೆ ಒಂದು ರೇಟು, ರಾತ್ರಿ ಉಳಿಯೋದಾದ್ರೆ ಮತ್ತೊಂದು ರೇಟು, ಗೇಟಲ್ಲಿ ನಿಂತ ಹುಡುಗ ಏನ್ ಹೇಳ್ತಾನೋ ಅದಕ್ಕೆ ತಲೆ ಆಡಿಸೋ ಮುಂಚೆ ಬೋರ್ಡು ಓದಿ.

ಇಳಿದ ತಕ್ಷಣ ಮೂಗಿಗೆ ಬರೋದು ಎರಡು ವಾಸನೆ, ಒಂದು ಸಕ್ಕರೆ ಕುದಿಯೋದು, ಇನ್ನೊಂದು ಕುದುರೆ ಲದ್ದಿ. ಸುಳ್ಳು ಹೇಳಲ್ಲ, ಬಿಸಿಲು ಜಾಸ್ತಿ ಇದ್ದ ದಿನ ಎರಡನೇದೇ ಗೆಲ್ಲುತ್ತೆ. ಈ ಊರಲ್ಲಿ 1898ರಲ್ಲೇ ಕಾರು ಬ್ಯಾನ್ ಮಾಡಿದಾರೆ, ಕುದುರೆ ಹೆದರ್ತವೆ ಅಂತ ಗಾಡಿಯವರೇ ಗಲಾಟೆ ಮಾಡಿ ಮಾಡಿಸಿದ್ದಂತೆ, ಇವತ್ತಿಗೂ ಆಂಬ್ಯುಲೆನ್ಸು, ಫೈರ್ ಎಂಜಿನ್ನು, ಪೊಲೀಸು, ಚಳಿಗಾಲದ ಸ್ನೋಮೊಬೈಲು ಇಂಥವು ಬಿಟ್ರೆ ಮೋಟಾರು ಅಂತ ಇಲ್ಲ. ಹೋಟೆಲ್ಲಿನ ಲಗೇಜು, ಅಂಗಡಿ ಸಾಮಾನು, ಆನ್‌ಲೈನ್ ಆರ್ಡರ್ ಮಾಡಿದ ಡಬ್ಬ, ಮನೆ ಕಸ ಎಲ್ಲಾ ಕುದುರೆ ಗಾಡಿ ಮೇಲೇ. ವರ್ಷಪೂರ್ತಿ ಇರೋ ಜನ ಐನೂರು ಚಿಲ್ಲರೆ, ಬೇಸಿಗೇಲಿ ಕುದುರೆಗಳೇ ಅದಕ್ಕಿಂತ ಜಾಸ್ತಿ. ಮೈಸೂರಲ್ಲಿ ಅರಮನೆ ಸುತ್ತ ಟಾಂಗಾದವರನ್ನ ನೋಡಿ ಬೆಳೆದ ನಮ್ಮಪ್ಪ ಡಾಕ್‌ನಿಂದ ಆಚೆ ಬಂದ ಕೂಡ್ಲೇ ಒಂದು ಗಾಡಿ ಪಕ್ಕ ನಿಂತ್ಬಿಟ್ರು. ಕುದುರೆ ಗೊರಸಿನ ಮೇಲೆ ಬಿಳಿ ಉಣ್ಣೆ ಥರ ಕೂದಲು ಇಳಿಬಿದ್ದಿತ್ತು, ಒಂದೊಂದು ಕಾಲು ಅಮ್ಮನ ಸೊಂಟದಷ್ಟು ದಪ್ಪ. ಅಪ್ಪ ಅದ್ರ ಪಕ್ಕೆ ನೋಡಿದ್ರು, ಬಾಯಿ ಹತ್ರ ಲಗಾಮು ಉಜ್ಜಿ ಗಾಯ ಆಗಿದ್ಯಾ ಅಂತ ಬಗ್ಗಿ ನೋಡಿದ್ರು, ಆಮೇಲೆ ‘ಚೆನ್ನಾಗಿ ಸಾಕಿದಾರೆ ಕಣೋ’ ಅಂದ್ರು. ಅವರ ಬಾಯಿಂದ ಅಮೆರಿಕಾಗೆ ಸಿಕ್ಕಿದ ಮೊದಲನೇ ಸರ್ಟಿಫಿಕೇಟ್ ಅದೇ.

ಮೇನ್ ಸ್ಟ್ರೀಟ್ ಬಗ್ಗೆ ನೇರವಾಗಿ ಹೇಳ್ಬಿಡ್ತೀನಿ, ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಅದು ಜಾತ್ರೆ. ಟೀಶರ್ಟ್ ಅಂಗಡಿ, ಫಡ್ಜ್ ಅಂಗಡಿ, ಮತ್ತೆ ಟೀಶರ್ಟ್ ಅಂಗಡಿ. ಸೈಕಲ್ಲು, ಗಾಡಿ, ಸ್ಟ್ರಾಲರು ಎಲ್ಲಾ ಒಂದೇ ರೋಡಲ್ಲಿ, ಮಧ್ಯೆ ಲದ್ದಿ ಎತ್ತೋ ಹುಡುಗರು ಗಾಡಿ ತಳ್ಕೊಂಡು, ಪಾಪ ಅವರು ಅಷ್ಟು ಕ್ಲೀನಾಗಿ ಇಡದೇ ಇದ್ರೆ ಅಲ್ಲಿ ಕಾಲಿಡೋಕೂ ಆಗ್ತಿರಲಿಲ್ಲ. ಬಹಳಷ್ಟು ಜನ ಬೆಳಗ್ಗೆ ಬಂದು ಇಲ್ಲೇ ಅಡ್ಡಾಡಿ, ಒಂದು ಐಸ್‌ಕ್ರೀಮ್ ತಿಂದು, ಫಡ್ಜ್ ಕಟ್ಟಿಸ್ಕೊಂಡು ನಾಲ್ಕು ಗಂಟೆ ಫೆರಿಗೆ ವಾಪಸ್ ಹೋಗ್ತಾರೆ, ಆಮೇಲೆ ‘ಅಷ್ಟು ದೂರ ಹೋಗೋ ಅಂಥದ್ದೇನಿಲ್ಲ’ ಅಂತ ಹೇಳ್ತಾರೆ. ನೋಡ್ಲೇ ಇಲ್ಲ ನೀವು ಸ್ವಾಮಿ.

ನೋಡ್ಬೇಕಾದ್ದು ಸೈಕಲ್ ಮೇಲೆ. ದ್ವೀಪದ ಸುತ್ತ ನೀರಿನ ಅಂಚಲ್ಲೇ ಒಂದು ರೋಡಿದೆ, ಎಂ-185 ಅಂತ, 8.2 ಮೈಲಿ, ಅಂದ್ರೆ 13 ಕಿಲೋಮೀಟರು, ಸ್ಟೇಟ್ ಹೈವೇನೇ, ಆದ್ರೆ ಕಾರು ಓಡದ ಹೈವೇ, ಇಡೀ ಅಮೆರಿಕಾದಲ್ಲಿ ಇಂಥದ್ದು ಇದೊಂದೇ. ಪೂರ್ತಿ ಮಟ್ಟಸ, ಏರು ಅಂತ ಏನೂ ಇಲ್ಲ, ಒಂದು ಕಡೆ ಸುಣ್ಣಕಲ್ಲಿನ ಗುಡ್ಡ ಮತ್ತು ಸೀಡರ್ ಮರ, ಇನ್ನೊಂದು ಕಡೆ ಕೈಗೆಟುಕೋ ಹಾಗೆ ನೀರು, ಆ ನೀರಿನ ಬಣ್ಣ ಒಂದೊಂದು ತಿರುವಲ್ಲಿ ಒಂದೊಂದು ಥರ, ದಡದ ಹತ್ರ ತಳದ ಬಿಳಿ ಕಲ್ಲು ಎಣಿಸ್ಬೋದು, ಸ್ವಲ್ಪ ಆಚೆ ಹಸಿರು, ಇನ್ನೂ ಆಚೆ ಕಡು ನೀಲಿ. ಸಮುದ್ರ ಅಂತಾನೇ ಅನ್ಸುತ್ತೆ, ಆದ್ರೆ ಉಪ್ಪಿಲ್ಲ, ಮೈ ಅಂಟಲ್ಲ, ಮೀನಿನ ನಾತ ಇಲ್ಲ. ನಿಲ್ಲಿಸದೇ ತುಳಿದ್ರೆ ಒಂದು ಗಂಟೆ ಕಾಲು ಸಾಕು, ಆದ್ರೆ ನಿಲ್ಲಿಸದೇ ತುಳಿಯೋಕೆ ಯಾಕೆ ಹೋಗ್ಬೇಕು, ಮೂರು ಗಂಟೆ ಇಟ್ಕೊಳ್ಳಿ.

ಊರಿಂದ ಪೂರ್ವದ ಕಡೆಗೆ, ಅಂದ್ರೆ ಮಿಷನ್ ಪಾಯಿಂಟ್ ಕಡೆಗೆ ಹೊರಡಿ, ಹಂಗೆ ಹೋದ್ರೆ ಬ್ರಿಡ್ಜ್ ವ್ಯೂ ಕೊನೇ ಭಾಗದಲ್ಲಿ ಬರುತ್ತೆ, ಸುಸ್ತಾಗಿದ್ದಾಗ ಅದೊಂದು ಬೋನಸ್. ಮೊದಲು ಸಿಗೋದು ಆರ್ಚ್ ರಾಕ್, ಗುಡ್ಡದ ತುದೀಲಿ ಸುಣ್ಣಕಲ್ಲು ಕೊರೆದು ಕೊರೆದು ತಾನೇ ಆಗಿರೋ ಕಮಾನು, ನೀರಿನಿಂದ 146 ಅಡಿ ಮೇಲೆ. ರೋಡಿಂದ ಮೇಲಕ್ಕೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿ ನೋವಿನೋರು ಹತ್ತೋಕೆ ಹೋಗ್ಬೇಡಿ, ಗಾಡಿಲಿ ಬಂದ್ರೆ ಸೀದಾ ಮೇಲೇ ಇಳಿಸ್ತಾರೆ. ಅರ್ಧ ಸುತ್ತಿಗೆ ಬ್ರಿಟಿಷ್ ಲ್ಯಾಂಡಿಂಗ್, ಅಲ್ಲಿ ಮೇಜು ಬೆಂಚು ಇದೆ, ಟಾಯ್ಲೆಟ್ ಇದೆ, ಚಿಕ್ಕ ತಿಂಡಿ ಅಂಗಡಿ ಇದೆ. ನಮ್ಮ ಚಿತ್ರಾನ್ನದ ಡಬ್ಬ ಓಪನ್ ಆಗಿದ್ದು ಅಲ್ಲೇ. ಪಕ್ಕದ ಮೇಜಿನ ಒಬ್ಬ ಹಿರಿಯ ಹೆಂಗಸು ಇದೇನು ಹಳದಿ ಅಂತ ಕೇಳಿದ್ರು, ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟು ಒಂದು ಪೇಪರ್ ಪ್ಲೇಟಿಗೆ ಹಾಕಿ ಕೊಟ್ರು, ಆಯಮ್ಮ ಹಸಿಮೆಣಸಿನಕಾಯಿ ಬೀನ್ಸ್ ಅಂದ್ಕೊಂಡು ಕಚ್ಚಿದ್ದು ಬೇರೆ ಕತೆ. ಮಗಳು ಕಲ್ಲಿನ ಮೇಲೆ ಕಲ್ಲು ಜೋಡಿಸ್ಕೊಂಡು ನೀರಲ್ಲಿ ಕಾಲು ಬಿಟ್ಕೊಂಡು ಕೂತಳು. ಜುಲೈನಲ್ಲೂ ನೀರು ಕೊರೀತಿತ್ತು, ಈಜ್ತೀನಿ ಅಂತ ಬಟ್ಟೆ ತಂದೋರು ಮಂಡಿಯವರೆಗೆ ಇಳಿದು ವಾಪಸ್ ಬರ್ತಿದ್ರು.

ಬಾಡಿಗೆ ಸೈಕಲ್ ಬಗ್ಗೆ ಒಂದು ಮಾತು. ಅಂಗಡಿಗಳು ಬೇಕಾದಷ್ಟಿವೆ, ಗಂಟೆ ಲೆಕ್ಕ, ದಿನದ ಲೆಕ್ಕ ಎರಡೂ ಇದೆ, ಮಕ್ಕಳನ್ನ ಕೂರಿಸೋ ಟ್ರೇಲರು, ದೊಡ್ಡವರ ಸೈಕಲ್ ಹಿಂದೆ ಸಿಕ್ಕಿಸೋ ಅರ್ಧ ಸೈಕಲ್ಲು, ಇಬ್ಬರು ತುಳಿಯೋ ಟ್ಯಾಂಡಮ್ ಎಲ್ಲಾ ಸಿಗುತ್ತೆ. ನಾವು ತಗೊಂಡ ಅಂಗಡಿ ಹೆಸರು ಬೇಡ, ಹೆಂಡ್ತಿಗೆ ಕೊಟ್ಟ ಸೈಕಲ್ಲಲ್ಲಿ ಗೇರ್ ಹಾಕಿದಾಗಲೆಲ್ಲ ಚೈನು ಕಳಚ್ಕೊಳ್ತಿತ್ತು, ವಾಪಸ್ ತಂದು ಹೇಳಿದ್ರೆ ಕೌಂಟರಿನೋನು ‘ಇಲ್ಲಿಂದ ಹೋಗುವಾಗ ಸರಿ ಇತ್ತಲ್ಲ’ ಅಂತ ವಾದಕ್ಕೆ ನಿಂತ, ಅರ್ಧ ಗಂಟೆ ದುಡ್ಡು ಬಿಡಿಸ್ಕೊಳ್ಳೋಕೆ ಕಾಲು ಗಂಟೆ ಜಗಳ. ಅದಕ್ಕೆ ಹೇಳೋದು, ಅಂಗಡಿ ಮುಂದೇನೇ ಎರಡು ರೌಂಡ್ ಹೊಡೆದು, ಬ್ರೇಕ್ ಗೇರ್ ಎರಡೂ ನೋಡಿ, ಸೀಟು ಸರಿ ಮಾಡಿಸ್ಕೊಂಡು ಆಮೇಲೆ ಸೈನ್ ಹಾಕಿ. ಮನೆಲಿ ಸೈಕಲ್ ಇದ್ರೆ ಅದನ್ನೇ ತನ್ನಿ, ಫೆರಿಲಿ ಎಕ್ಸ್‌ಟ್ರಾ ಚಾರ್ಜ್ ಕೊಟ್ರೆ ಹಾಕ್ಕೊಳ್ತಾರೆ, ಲೆಕ್ಕ ಹಾಕಿದ್ರೆ ಉಳಿತಾಯನೇ. ಎಲೆಕ್ಟ್ರಿಕ್ ಸೈಕಲ್ ಮಾತ್ರ ತರ್ಬೇಡಿ, ಅಂಗವೈಕಲ್ಯ ಇರೋರಿಗೆ ಬಿಟ್ಟು ಬೇರೆಯವರಿಗೆ ಅಲ್ಲಿ ಪರ್ಮಿಷನ್ ಇಲ್ಲ.

ಸೈಕಲ್ ತುಳಿಯೋಕೆ ಆಗದ ಅಪ್ಪ ಅಮ್ಮನಿಗೆ ಗಾಡಿ ಟೂರ್. ಒಂದೂಮುಕ್ಕಾಲು ಗಂಟೆ, ಊರೊಳಗೆ ಎರಡು ಕುದುರೆ ಗಾಡಿ, ಸರ್ರೆ ಹಿಲ್ ಅನ್ನೋ ಜಾಗದಲ್ಲಿ ಇಳಿಸಿ ಮೂರು ಕುದುರೆಯ ದೊಡ್ಡ ಗಾಡಿಗೆ ಹತ್ತಿಸ್ತಾರೆ, ಕಾಡಿನೊಳಗೆ ಹಳೇ ಸ್ಮಶಾನಗಳ ಪಕ್ಕ ಹಾದು ಆರ್ಚ್ ರಾಕ್ ತೋರಿಸಿ ಕೋಟೆ ಹತ್ರ ತಂದು ಬಿಡ್ತಾರೆ. ವಯಸ್ಸಾದೋರಿಗೆ ಇದಕ್ಕಿಂತ ಆರಾಮದ ದಾರಿ ಇಲ್ಲ, ಅಷ್ಟಕ್ಕೆ ದುಡ್ಡು ವಸೂಲು. ಆದ್ರೆ ಡ್ರೈವರ್ ಹೇಳೋ ಜೋಕು ಇತಿಹಾಸ ಎಲ್ಲಾ ರೈಲಿನ ಸ್ಪೀಡಲ್ಲಿ, ಹಿಂದಿನ ಸೀಟಲ್ಲಿ ಕೂತ್ರೆ ಅರ್ಧ ಕೇಳ್ಸಲ್ಲ, ನಮ್ಮವರಿಗಂತೂ ಆ ಆಕ್ಸೆಂಟು ತಲೆಗೆ ಹತ್ತಲಿಲ್ಲ, ಎಲ್ರೂ ನಕ್ಕಾಗ ಇವರೂ ನಕ್ರು. ಮುಂದಿನ ಸಾಲು ಹಿಡೀರಿ. ಸರ್ರೆ ಹಿಲ್ಲಲ್ಲಿ ಗಾಡಿ ಬದಲಾಯಿಸೋಕೆ ಕ್ಯೂ ನಿಲ್ಬೇಕು, ಮಧ್ಯಾಹ್ನ ಆದ್ರೆ ಅದೇ ಒಂದು ದೊಡ್ಡ ಕತೆ, ಬೆಳಗ್ಗೆ ಮೊದಲ ಗಾಡಿಗಳಲ್ಲೇ ಮುಗಿಸಿ. ಅಲ್ಲೇ ಚಿಟ್ಟೆ ಮನೆ ಒಂದಿದೆ, ಮಕ್ಕಳಿದ್ರೆ ಹೋಗಿ, ನನಗೆ ಸೆಕೆ ಆಯ್ತು ಅಷ್ಟೇ. ಗಾಡಿ ನೀವೇ ಓಡಿಸ್ಬೋದು ಅನ್ನೋ ಬಾಡಿಗೆನೂ ಇದೆ, ಅಪ್ಪನ ಕಣ್ಣು ಅದ್ರ ಮೇಲಿತ್ತು, ಅಮ್ಮ ಒಪ್ಪಲಿಲ್ಲ.

ಕೋಟೆ ನನಗೆ ಇಷ್ಟ ಆಯ್ತು, ಇಷ್ಟ ಆಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ಅಮೆರಿಕನ್ ಕ್ರಾಂತಿ ಟೈಮಲ್ಲಿ, 1780ರ ಸುಮಾರಿಗೆ, ಬ್ರಿಟಿಷರು ದಡದಲ್ಲಿದ್ದ ಹಳೇ ಕೋಟೆ ಸೇಫ್ ಅಲ್ಲ ಅಂತ ಇಲ್ಲಿಗೆ ಎತ್ತಿ ತಂದಿದ್ದು. 1796ರಲ್ಲಿ ಅಮೆರಿಕಾ ಕೈಗೆ ಬಂತು. 1812ರ ಯುದ್ಧ ಶುರುವಾದ ಸುದ್ದಿನೇ ಇಲ್ಲಿನ ಅಮೆರಿಕನ್ ಸೈನಿಕರಿಗೆ ತಲುಪಿರಲಿಲ್ಲ, ಅಷ್ಟರಲ್ಲಿ ಬ್ರಿಟಿಷರು ರಾತ್ರೋರಾತ್ರಿ ದ್ವೀಪದ ಹಿಂದಿನಿಂದ ಇಳಿದು, ಫಿರಂಗಿ ಎಳ್ಕೊಂಡು ಗುಡ್ಡ ಹತ್ತಿ, ಕೋಟೆಗಿಂತ ಮೇಲಿನ ಜಾಗದಲ್ಲಿ ನಿಂತುಬಿಟ್ರು, ಕೆಳಗಿದ್ದೋರು ಕಾದಾಡದೇ ಶರಣಾದ್ರು. ನಾವು ಚಿತ್ರಾನ್ನ ತಿಂದ ಬ್ರಿಟಿಷ್ ಲ್ಯಾಂಡಿಂಗೇ ಅವರು ಇಳಿದ ಜಾಗ, ಇದು ಗೊತ್ತಾದ ಮೇಲೆ ಸೈಕಲ್ ಸುತ್ತಿಗೂ ಒಂದು ಕತೆ ಸೇರ್ಕೊಂಡಿತು. ಹಳೇ ಕಾಲದ ಯೂನಿಫಾರ್ಮ್ ಹಾಕಿದ ಹುಡುಗರು ಬಂದೂಕು, ಫಿರಂಗಿ ಹೊಡೆದು ತೋರಿಸ್ತಾರೆ, ಮಗಳು ಕಿವಿ ಮುಚ್ಕೊಂಡು ಇನ್ನೊಂದ್ಸಲ ಅಂದಳು. ಗೋಡೆ ಮೇಲಿಂದ ಬಂದರು ನೋಡೋ ವ್ಯೂ ದ್ವೀಪದಲ್ಲೇ ಬೆಸ್ಟ್, ಅಲ್ಲಿ ಟೀ ರೂಮ್ ಇದೆ, ಕೂತ್ಕೊಳ್ಳೋದಕ್ಕೆ ದುಡ್ಡು ಕೊಡ್ತಿದೀವಿ ಅಂತ ಅಂದ್ಕೊಂಡು ಕೂತ್ಕೊಳ್ಳಿ, ಟೀಗೆ ಅಲ್ಲ.

ಅದೇ ಟಿಕೆಟ್ಟಲ್ಲಿ ಕೆಳಗೆ ಊರೊಳಗಿನ ಕೆಲವು ಹಳೇ ಮನೆಗಳೂ ಬರ್ತವೆ, ಜನ ಬಿಟ್ಟು ಹೋಗ್ತಾರೆ. ಬಿಡ್ಬೇಡಿ. ಒಂದರಲ್ಲಿ ಅನಿಶಿನಾಬೆ ಮೂಲನಿವಾಸಿಗಳ ಮ್ಯೂಸಿಯಮ್ ಇದೆ, ಈ ದ್ವೀಪ ಅವರಿಗೆ ನೀರಿಂದ ಎದ್ದ ದೊಡ್ಡ ಆಮೆ, ದೂರದಿಂದ ನೋಡಿದ್ರೆ ಬೆನ್ನು ಹಾಗೇ ಕಾಣುತ್ತೆ. ಇನ್ನೊಂದು ಅಮೆರಿಕನ್ ಫರ್ ಕಂಪನಿ ಅಂಗಡಿ, ಅದ್ರ ಕತೆ ಕೇಳಿ ನಮ್ಮಪ್ಪ, ಹೈಸ್ಕೂಲಲ್ಲಿ ಬಯಾಲಜಿ ಮೇಷ್ಟ್ರಾಗಿದ್ದೋರು, ಅಲ್ಲಿಂದ ಕದಲಲೇ ಇಲ್ಲ. 1822ರ ಜೂನಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ತುಪ್ಪಳದ ಕಂಪನಿ ಕೆಲಸದವನಿಗೆ ಆ ಅಂಗಡೀಲಿ ಯಾರದ್ದೋ ಬಂದೂಕು ಸಿಡಿದು ಹೊಟ್ಟೆಗೆ ಗುಂಡು ಬಿತ್ತು. ಕೋಟೆ ಡಾಕ್ಟರ್ ವಿಲಿಯಂ ಬೋಮಾಂಟ್ ಬದುಕಿಸಿದ, ಆದ್ರೆ ಜಠರದ ತೂತು ಮುಚ್ಚಲೇ ಇಲ್ಲ, ಹೊರಗಿಂದ ಒಳಗೆ ಕಾಣೋ ಹಾಗೆ ಉಳಿದುಬಿಡ್ತು. ಡಾಕ್ಟ್ರು ಮುಂದೆ ವರ್ಷಗಟ್ಟಲೆ ರೇಷ್ಮೆ ದಾರಕ್ಕೆ ಮಾಂಸದ ಚೂರು, ಬ್ರೆಡ್ಡು, ಕೋಸು ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಗಂಟೆಗೊಂದ್ಸಲ ಎಳೆದು ನೋಡಿ, ಹೊಟ್ಟೆಲಿ ಊಟ ಹೇಗೆ ಕರಗುತ್ತೆ ಅಂತ ಬರೆದಿಟ್ಟ, 1833ರಲ್ಲಿ ಪುಸ್ತಕ ಮಾಡಿದ. ಜೀರ್ಣ ಆಗೋದು ರಾಸಾಯನಿಕ ಕ್ರಿಯೆಯಿಂದ ಅಂತ ಪಕ್ಕಾ ಆಗೋಕೆ ಇದೇ ದೊಡ್ಡ ಆಧಾರ ಆಯ್ತು. ‘ಆ ಬಡಪಾಯಿಗೆ ಏನು ಕೊಟ್ರಂತೆ’ ಅನ್ನೋದು ಅಮ್ಮನ ಪ್ರಶ್ನೆ, ಅಪ್ಪನ ಹತ್ರ ಉತ್ತರ ಇರಲಿಲ್ಲ.

ಗ್ರ್ಯಾಂಡ್ ಹೋಟೆಲ್, 1887ರದ್ದು, 660 ಅಡಿ ಉದ್ದದ ಜಗಲಿ, ಪ್ರಪಂಚದಲ್ಲೇ ಉದ್ದದ್ದು ಅಂತಾರೆ. ಅಲ್ಲಿ ಉಳಿಯದೇ ಇರೋರು ಒಳಗೆ ಕಾಲಿಡೋಕೂ ಟಿಕೆಟ್, ಸಂಜೆ ಆರೂವರೆ ಮೇಲೆ ಕೋಟು ಟೈ ರೂಲ್ಸ್ ಬೇರೆ. ನಾವು ರೋಡಿಂದಾನೇ ಫೋಟೋ ಹೊಡೆದು ಬಂದ್ವಿ, ಏನೂ ಕಳ್ಕೊಂಡ ಹಾಗೆ ಅನ್ಸಲಿಲ್ಲ. ತೂಗು ಕುರ್ಚಿಲಿ ಕೂತು ನೀರು ನೋಡೋ ಆಸೆ ಇದ್ರೆ ಮಿಷನ್ ಪಾಯಿಂಟ್ ಕಡೆ ಹುಲ್ಲಿನ ಮೇಲೆ ಮರದ ಕುರ್ಚಿ ಸಾಲು ಇದೆ, ನಮ್ಮ ಮಧ್ಯಾಹ್ನದ ನಿದ್ದೆ ಅಲ್ಲೇ ಆಯ್ತು.

ಫಡ್ಜ್. ನೋಡೋಕೆ ಮಜಾ, ಅದನ್ನ ಒಪ್ಕೋತೀನಿ. ತಾಮ್ರದ ಕೊಪ್ಪರಿಗೇಲಿ ಕುದಿಸಿದ ಪಾಕನ ಅಮೃತಶಿಲೆ ಮೇಜಿನ ಮೇಲೆ ಸುರಿದು, ಅಂಚಿಂದ ಹರಿದು ಹೋಗದ ಹಾಗೆ ಕಬ್ಬಿಣದ ಪಟ್ಟಿ ಇಟ್ಟು, ಒಬ್ಬ ಮೇಜಿನ ಸುತ್ತ ನಡೀತಾ ನಡೀತಾ ಉದ್ದನೇ ಕೈಯ ಸಟ್ಟುಗದಲ್ಲಿ ಮಗುಚ್ತಾ ಹೋಗ್ತಾನೆ, ಹೊಳಪು ಹೋಗಿ ಮಂದ ಆದ ತಕ್ಷಣ ದಿಂಡು ಕಟ್ಟಿ ಕತ್ತರಿಸ್ತಾನೆ. ಸ್ಯಾಂಪಲ್ ಫ್ರೀ, ನಾಚ್ಕೊಳ್ದೇ ಕೇಳಿ. ಆದ್ರೆ ಆ ರೇಟಿಗೆ ಅಷ್ಟು ಸಿಹಿನ ಪೌಂಡುಗಟ್ಟಲೆ ತರೋದು ನನಗೆ ಅರ್ಥ ಆಗಲ್ಲ, ಅಮ್ಮ ಒಂದು ಚೂರು ಬಾಯಿಗೆ ಹಾಕ್ಕೊಂಡು ‘ಪಾಕ ಹದ ತಪ್ಪಿದ ಮೈಸೂರ್ ಪಾಕ್ ಇದ್ದ ಹಾಗಿದೆ’ ಅಂದ್ರು, ಕೇಸ್ ಕ್ಲೋಸ್. ಒಂದು ತುಂಡು ತಗೊಂಡು ಐದು ಜನ ಹಂಚ್ಕೊಳ್ಳಿ, ಸಾಕು.

ಊಟದ ವಿಷಯದಲ್ಲಿ ವೆಜಿಟೇರಿಯನ್ನರಿಗೆ ಕಷ್ಟ ಇದೆ, ಸುಮ್ನೆ ಏನೇನೋ ಹೇಳಲ್ಲ. ಪಿಜ್ಜಾ, ವೆಜ್ ಬರ್ಗರ್, ಸಲಾಡ್, ಫ್ರೈಸ್, ಇಷ್ಟರಲ್ಲೇ ಸುತ್ತಬೇಕು, ರೇಟು ಎಲ್ಲಾ ದ್ವೀಪದ ರೇಟು. ಮೇನ್ ಸ್ಟ್ರೀಟಿನ ಒಂದು ರೆಸ್ಟೋರೆಂಟಲ್ಲಿ ವೆಜಿಟೇಬಲ್ ಸೂಪ್ ಅಂತ ತರಿಸಿ, ಅರ್ಧ ಕುಡಿದ ಮೇಲೆ ಕೇಳಿದ್ರೆ ಚಿಕನ್ ಸ್ಟಾಕಲ್ಲಿ, ಅಂದ್ರೆ ಕೋಳಿ ಬೇಯಿಸಿದ ನೀರಲ್ಲಿ ಮಾಡಿದ್ದು ಅಂದ್ರು, ಆರ್ಡರ್ ಮಾಡುವಾಗ ಎರಡೆರಡು ಸಲ ಕೇಳಿದ್ದಕ್ಕೆ ಹುಡುಗ ನೋ ಮೀಟ್ ಅಂದಿದ್ದ. ಸಾರಿ ಹೇಳಿ ಬಿಲ್ಲಿಂದ ತೆಗೆದ್ರು ಸರಿ, ಆದ್ರೆ ಅಮ್ಮ ಆವತ್ತು ರಾತ್ರಿ ಮೊಸರು ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮೀಟ್ ಇದ್ಯಾ ಅಂತ ಕೇಳ್ಬೇಡಿ, ಬ್ರಾತ್, ಅಂದ್ರೆ ಸೂಪಿಗೆ ಹಾಕೋ ಆ ಬೇಯಿಸಿದ ನೀರು, ಯಾವುದು ಅಂತ ಕೇಳಿ. ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಮನೆಯಿಂದಾನೇ ಕಟ್ಕೊಂಡು ಹೋಗೋದು ಬೆಸ್ಟು, ದ್ವೀಪದಲ್ಲಿ ಒಂದು ದಿನಸಿ ಅಂಗಡಿ ಇದೆ, ಹಾಲು ಮೊಸರು ಹಣ್ಣು ಬ್ರೆಡ್ಡಿಗೆ ತೊಂದ್ರೆ ಇಲ್ಲ.

ಈಗ ದೊಡ್ಡ ಖರ್ಚಿನ ಪ್ರಶ್ನೆ, ರಾತ್ರಿ ಉಳೀಬೇಕಾ ಬೇಡ್ವಾ. ಜುಲೈ ಆಗಸ್ಟಲ್ಲಿ ರೂಮ್ ರೇಟ್ ನೋಡಿದ್ರೆ ಎದೆ ಝಲ್ ಅನ್ನುತ್ತೆ, ದಡದ ಮೋಟೆಲ್ ಅದ್ರ ಅರ್ಧಕ್ಕೂ ಕಡಿಮೆಗೆ ಸಿಗುತ್ತೆ. ಆದ್ರೂ ನಾನು ಹೇಳೋದು, ಬೇರೆ ಏನಾದ್ರೂ ಕಟ್ ಮಾಡಿ, ಒಂದು ರಾತ್ರಿ ಇರಿ. ಸಂಜೆ ಆರರ ಮೇಲೆ ಡೇ ಟ್ರಿಪ್ಪಿನ ಜನ ಎಲ್ಲಾ ಫೆರಿ ಹತ್ತಿ ಹೋಗ್ತಾರೆ, ಬೆಳಗ್ಗೆ ಕಾಲಿಡೋಕೆ ಜಾಗ ಇಲ್ಲದ ರೋಡು ಖಾಲಿ. ಈ ಕಡೆ ಸೂರ್ಯ ಮುಳುಗೋದು ಜೂನ್ ಜುಲೈಲಿ ರಾತ್ರಿ ಒಂಬತ್ತೂವರೆ ಸುಮಾರಿಗೆ, ಅಂದ್ರೆ ಊಟ ಆದ್ಮೇಲೂ ಮೂರು ಗಂಟೆ ಬೆಳಕು ನಿಮ್ಮದೇ. ನಾವು ಊಟ ಮುಗಿಸಿ ಪಶ್ಚಿಮದ ದಡದಲ್ಲಿ ಕೂತ್ವಿ, ಬ್ರಿಡ್ಜ್ ಹಿಂದೆ ಆಕಾಶ ಕೆಂಪಾಗ್ತಿತ್ತು, ಅಪ್ಪ ಕೈಗಡಿಯಾರ ನೋಡ್ಕೊಂಡು ‘ಒಂಬತ್ತು ಇಪ್ಪತ್ತು ಕಣೇ, ಸಂಧ್ಯಾವಂದನೆ ಈಗ ಮಾಡ್ಬೇಕಾ’ ಅಂತ ಅಮ್ಮನ್ನ ಕೇಳಿದ್ರು. ಡೇ ಟ್ರಿಪ್ಪೇ ಗತಿ ಅಂದ್ರೆ ಮೊದಲ ಫೆರಿಗೆ ಹೋಗಿ ಕೊನೇ ಫೆರಿಗೆ ಬನ್ನಿ, ಆದ್ರೆ ಕೊನೇ ಫೆರಿ ಟೈಮು ತಿಂಗಳು ತಿಂಗಳಿಗೆ ಬದಲಾಗುತ್ತೆ, ಎರಡು ದಡಕ್ಕೂ ಬೇರೆಬೇರೆ, ಟಿಕೆಟ್ ಹಿಂದೆ ಬರ್ಕೊಂಡು ಇಟ್ಕೊಳ್ಳಿ.

ಕಯಾಕು, ಪ್ಯಾರಾಸೇಲು ಎಲ್ಲಾ ಇದೆ, ನಾವು ಮಾಡಲಿಲ್ಲ. ನಡೆಯೋರಿಗೆ ಒಳಗಿನ ಕಾಡು ದಾರಿಗಳು ಚೆನ್ನಾಗಿವೆ, ದ್ವೀಪದ ಶೇಕಡಾ 80ಕ್ಕೂ ಹೆಚ್ಚು ಜಾಗ ಸ್ಟೇಟ್ ಪಾರ್ಕು, 1875ರಲ್ಲಿ ಯೆಲ್ಲೋಸ್ಟೋನ್ ಆದ್ಮೇಲೆ ದೇಶದ ಎರಡನೇ ನ್ಯಾಷನಲ್ ಪಾರ್ಕ್ ಆಗಿತ್ತು, 1895ರಲ್ಲಿ ರಾಜ್ಯಕ್ಕೆ ಕೊಟ್ಟುಬಿಟ್ರು, ಅದಕ್ಕೇ ಕಾಡಿನೊಳಗೆ ರೆಸಾರ್ಟ್ ಎದ್ದಿಲ್ಲ.

ಯಾವಾಗ ಹೋಗ್ಬೇಕು ಅಂದ್ರೆ, ಜೂನ್ ಮೊದಲ ಎರಡು ವಾರ ಲೈಲಾಕ್ ಹೂವು, ಊರೆಲ್ಲ ಅದೇ ಘಮ, ಲದ್ದಿ ವಾಸನೆ ಮುಚ್ಚಿಹೋಗುತ್ತೆ ಅನ್ನೋದು ಅಲ್ಲಿ ಕೆಲಸ ಮಾಡೋ ಒಬ್ಬ ಜಮೈಕಾ ಹುಡುಗ ಕೊಟ್ಟ ಟಿಪ್ಪು. ಜುಲೈನಲ್ಲಿ ಶಿಕಾಗೋದಿಂದ ಒಂದು, ಪೋರ್ಟ್ ಹ್ಯೂರನ್‌ನಿಂದ ಒಂದು, ಎರಡು ದೊಡ್ಡ ಹಾಯಿದೋಣಿ ರೇಸು ಇಲ್ಲಿಗೇ ಬಂದು ಮುಗಿತವೆ, ದೋಣಿ ನೋಡೋಕೆ ಚೆಂದ, ರೂಮ್ ಸಿಗಲ್ಲ, ರಾತ್ರಿಯೆಲ್ಲ ಗಲಾಟೆ, ಅಪ್ಪ ಅಮ್ಮನ ಜೊತೆ ಹೋಗೋರು ಆ ವೀಕೆಂಡ್ ತಪ್ಪಿಸಿ. ವೀಕ್‌ಡೇ ರಜಾ ಹಾಕೋಕಾದ್ರೆ ಮಂಗಳವಾರ ಬುಧವಾರ ಹೋಗಿ. ನಾವು ಮುಂದಿನ ಸಲ ಅತ್ತೆ ಮಾವನ ಜೊತೆ ಲೈಲಾಕ್ ಟೈಮಿಗೇ ಅಂತ ಅಂದ್ಕೊಂಡಿದೀವಿ, ಸೈಕಲ್ ಕಾರ್ ಮೇಲೆ ಕಟ್ಕೊಂಡೇ ಹೋಗೋದು, ಗಾಡಿ ಟೂರ್ ಅವರಿಬ್ಬರಿಗೆ ಮಾತ್ರ, ರೂಮ್ ಚಳಿಗಾಲದಲ್ಲೇ ಬುಕ್ ಮಾಡ್ಬೇಕು.